ಹೆಗ್ಲಂಡ್ ಮನೆಯ ಭತ್ತದ ಸೂಡಿ

ಒಂದು ಮರದ ಕಂಬ, ಅದರ ತುದಿಯಲ್ಲಿ ಭತ್ತದ ತೆನೆಗಳ ಒಂದು ಸೂಡಿ, ಸೂಡಿಯ ತುಂಬ ಜೋತುಬಿದ್ದು ಕಾಳು ಕೀಳುವ ಗುಬ್ಬಿಗಳು. ಕ್ರಿಸ್ಮಸ್ ಎಂದೊಡನೆ ನನ್ನ ಕಣ್ಣಿಗೆ ಮೊದಲು ಬರುವುದು ಇದೇ. ನಕ್ಷತ್ರದೀಪ, ಗೋದಲಿ, ಕುಸ್ವಾರಿನ ತಿಂಡಿಗಳ ತಟ್ಟೆ ಇವೆಲ್ಲ ಆಮೇಲೆ ಒಂದೊಂದಾಗಿ ಬಂದು ಸೇರಿಕೊಳ್ಳುತ್ತವೆ.

ಹೊಳೆ ಸಮುದ್ರವನ್ನು ಸೇರುವಲ್ಲಿದ್ದ ನಮ್ಮ ಪೇಟೆಯಲ್ಲಿ ಕ್ರೈಸ್ತರ ಮನೆಗಳು ಬೇಕಾದಷ್ಟಿದ್ದವು. ಆದರೆ ಹಬ್ಬಕ್ಕೆ ಗುಬ್ಬಿಗಳನ್ನೂ ಕರೆಯುತ್ತಿದ್ದುದು ನಮ್ಮ ಮನೆಯವರು ಮಾತ್ರ. ಅದಕ್ಕೊಂದು ಕ್ರಮವಿತ್ತು. ಹಬ್ಬದ ಹಿಂದಿನ ಸಂಜೆ ಮನೆಯಲ್ಲಿ ಎಲ್ಲರಿಗಿಂತ ಹಿರಿಯರು ಎಲ್ಲರಿಗಿಂತ ಚಿಕ್ಕವರನ್ನು ಹೆಗಲ ಮೇಲೆ ಕೂರಿಸಿಕೊಂಡು ಕಂಬದ ಬಳಿ ನಿಲ್ಲಬೇಕು. ಚಿಕ್ಕವರು ಕೈ ಚಾಚಿ ಸೂಡಿ ಕಟ್ಟಬೇಕು. ಹಿರಿಯರೆಂದರೆ ಅಜ್ಜ, ಚಿಕ್ಕವಳೆಂದರೆ ನಾನು. ಅಜ್ಜ ದೋಣಿ ಕಟ್ಟುವ ಬಡಗಿಯಾಗಿದ್ದವರು, ಅವರ ಹೆಗಲು ಬೆಂಚಿನಷ್ಟು ಗಟ್ಟಿ. ಅಲ್ಲಿ ಕೂತರೆ ಪಕ್ಕದ ಮನೆಯ ಹಂಚು, ಅದರಾಚೆ ಹೊಳೆ, ಹೊಳೆಯಾಚೆಗಿನ ಮರಳುದಂಡೆ ಎಲ್ಲವೂ ಕಾಣುತ್ತಿತ್ತು. ಗಂಟು ಸರಿಯಾಗಿ ಬಿದ್ದಿದ್ದರೂ ನಾನು ಬಿಚ್ಚಿ ಮತ್ತೆ ಕಟ್ಟುತ್ತಿದ್ದೆ. ಇಳಿಯಲು ಮನಸ್ಸೇ ಬರುತ್ತಿರಲಿಲ್ಲ. ಅದು ಅಜ್ಜನಿಗೂ ತಿಳಿಯುತ್ತಿತ್ತು. ತಿಳಿಯದವರ ಹಾಗೆ ನಿಂತಿರುತ್ತಿದ್ದರು.

ಆ ಕಂಬವನ್ನು ನೆಟ್ಟವರು ನೀಲ್ಸ್ ಹೆಗ್ಲಂಡ್. ನಾರ್ವೆ ದೇಶದಿಂದ ಹಡಗಿನ ಬಡಗಿಯಾಗಿ ಹೊರಟು, ದಾರಿಯಲ್ಲಿ ಜ್ವರ ಹಿಡಿದು ನಮ್ಮ ಬಂದರಿನಲ್ಲಿ ಇಳಿದು, ಗುಣವಾದ ಮೇಲೂ ಹಡಗು ಹತ್ತದೆ ಇಲ್ಲೇ ಉಳಿದವರು. ನಾವಿದ್ದ ಮನೆಯನ್ನೂ ಅವರೇ ಕಟ್ಟಿದ್ದು. ಅವರ ಮಗ ಏಲಿಯ, ಏಲಿಯನ ಮಗ ನಮ್ಮಜ್ಜ, ಹಾಗಾಗಿ ನಾವೆಲ್ಲರೂ ಹೆಗ್ಲಂಡರು. ಶಾಲೆಯ ಮಕ್ಕಳು ನನ್ನನ್ನು ಹೆಗ್ಗಣ ಎಂದು ಕರೆದರೂ ನಾನು ಅಳುತ್ತಿರಲಿಲ್ಲ. ಹಿಮದ ದೇಶದಿಂದ ಬಂದ ಹಿರಿಯಜ್ಜ ಎಷ್ಟು ಹೆಗ್ಗಣಗಳಿಗಿದ್ದಾರು? ಇನ್ನು ಅಪ್ಪನ ಅಕ್ಕ ನವೋಮಿ ಅತ್ತೆಯ ಜಂಬವಂತೂ ನನ್ನದಕ್ಕಿಂತ ಒಂದು ಕೈ ಮೇಲೆ. ಅವಳದು ಬೆಕ್ಕಿನ ಕಣ್ಣು. ಅದು ನೇರವಾಗಿ ನಾರ್ವೆಯಿಂದ ಬಂದದ್ದೆಂದು ಮೀನು ಮಾರಲು ಬರುವವಳಿಗೂ ಹೇಳಿ ಮುಗಿಸಿದ್ದಳು. ಇಂಥ ಮಾತು ಬಂದಾಗ ಅಜ್ಜ ಉಳಿಯನ್ನೋ ಕತ್ತಿಯನ್ನೋ ಮಸೆಯಲು ಎದ್ದು ಹೋಗುತ್ತಿದ್ದರು.

ಒಂದು ವರ್ಷ ಹಬ್ಬ ಹತ್ತಿರವಾಗುತ್ತಿದ್ದಾಗ, ಭಾನುವಾರದ ಆರಾಧನೆ ಮುಗಿದ ಮೇಲೆ ಪಾದ್ರಿಯವರು ಅಜ್ಜನನ್ನು ತಡೆದು ನಿಲ್ಲಿಸಿದರು. ನೀಲ್ಸ್ ಹೆಗ್ಲಂಡರ ಕುಟುಂಬದ ಹೆಂಗಸೊಬ್ಬರು ನಾರ್ವೆಯಿಂದ ನಮ್ಮನ್ನು ಹುಡುಕಿಕೊಂಡು ಬರುತ್ತಿದ್ದಾರೆ, ಹಬ್ಬದ ಹಿಂದಿನ ದಿನ ತಲುಪುತ್ತಾರೆ ಎಂದು ತಮಗೆ ಪತ್ರ ಬಂದಿದೆ ಎಂದರು. ಅತ್ತೆ ಮನೆ ಮುಟ್ಟುವಷ್ಟರಲ್ಲಿ ಪೇಟೆಗೆಲ್ಲ ಸುದ್ದಿ ಮುಟ್ಟಿಸಿದಳು. ಗೋಡೆಗೆ ಸುಣ್ಣ ಬಂತು, ಕಿಟಕಿಗೆ ಹೊಸ ಪರದೆ ಬಂತು. ಅಜ್ಜ ಮಾತ್ರ ಮೆತ್ತಗಾದರು.

ಒಂದು ಮಧ್ಯಾಹ್ನ ಅವರು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ನಾನು ಅಮ್ಮನ ಪಕ್ಕದಲ್ಲಿ ಕೂತು ಹೂರಣ ತುಂಬಿದ ನೆವರಿಯ ಅಂಚು ಒತ್ತುತ್ತಿದ್ದೆ.

"ಅವರು ಬಂದು, ಈ ಹೆಸರು ನಿಮ್ಮದಲ್ಲ ಅಂತ ಹೇಳಿದ್ರೆ ಎಂತ ಮಾಡುವುದು?" ಎಂದು ಅಮ್ಮನನ್ನು ಕೇಳಿದರು.

ಅಮ್ಮ ನಕ್ಕುಬಿಟ್ಟಳು. "ಅವರೇ ಹುಡುಕಿಕೊಂಡು ಬರ್ತಾ ಇರುವುದಲ್ವಾ ಮಾವ?"

ಅಜ್ಜ ನಗಲಿಲ್ಲ. ಹೆಸರು ಹೋದ ಮೇಲೆ ಈ ಪ್ರಾಯದಲ್ಲಿ ತಾನು ಯಾರೆಂದು ಹೇಳಿಕೊಳ್ಳುವುದು ಎಂದು ತಮಗೆ ತಾವೇ ಅಂದುಕೊಂಡು ಹೊರಟುಹೋದರು. ಅಜ್ಜನಿಗೂ ಹೆದರಿಕೆ ಆಗುತ್ತದೆ ಎಂದು ನನಗೆ ಗೊತ್ತಾದದ್ದು ಆಗಲೇ. ಕೈಯಲ್ಲಿದ್ದ ನೆವರಿ ಬಾಯಿ ಬಿಟ್ಟುಕೊಂಡಿತು.

ಹಬ್ಬದ ಹಿಂದಿನ ದಿನ ಬಂತು. ಕೊಯ್ಲಿನಲ್ಲಿ ತೆಗೆದಿರಿಸಿದ್ದ ತೆನೆಗಳನ್ನು ನಾನು ಬೆಳಿಗ್ಗೆಯೇ ಸೂಡಿ ಮಾಡಿಟ್ಟು ಅಜ್ಜನನ್ನು ಕರೆದೆ. ಮೊಣಕಾಲು ನೋವು, ಈ ಸಲ ಕಟ್ಟುವುದು ಬೇಡ ಎಂದರು. ನನಗೆ ಅಳು ಬಂತು. ಅತ್ತೆಗೆ ಸಿಟ್ಟು ಬಂತು. ನಾರ್ವೆಯಿಂದ ಬಂದವರಿಗೆ ನಾರ್ವೆಯ ಕ್ರಮವನ್ನೇ ತೋರಿಸದಿದ್ದರೆ ಹೇಗೆ ಎಂದು ಅವಳು ಗೊಣಗಿದಳು. ಅಜ್ಜ ಜಗಲಿಯ ಮೂಲೆ ಹಿಡಿದು ಕೂತವರು ಅಲ್ಲಾಡಲಿಲ್ಲ.

ಮಧ್ಯಾಹ್ನ ಅಪ್ಪ ಆ ಹೆಂಗಸನ್ನು ಬಸ್ಸಿನಿಂದ ಇಳಿಸಿ ಕರೆತಂದರು. ಹೆಸರು ಟೋರುನ್. ತಲೆ ನರೆತಿತ್ತು, ಎತ್ತರ ಎಷ್ಟೆಂದರೆ ನಮ್ಮ ಬಾಗಿಲಲ್ಲಿ ಬಗ್ಗಬೇಕಾಯಿತು. ಅಮ್ಮ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದುದರಿಂದ ಮಾತನ್ನು ಆಚೆಗೂ ಈಚೆಗೂ ದಾಟಿಸುವ ಕೆಲಸ ಅವಳ ಪಾಲಿಗೆ ಬಂತು. ಅಂಗಳದಲ್ಲಿ ಬೋಳಾಗಿ ನಿಂತ ಕಂಬ ಯಾತಕ್ಕೆಂದು ಟೋರುನ್ ಕೇಳಿದ್ದೇ ತಡ, ಅತ್ತೆ ಸೂಡಿಯ ವಿಷಯವನ್ನೆಲ್ಲ ಹೇಳಿ ಮುಗಿಸಿದಳು. ಟೋರುನ್ ಹೋಗಿ ಕಂಬಕ್ಕೆ ಕೈಯಿಟ್ಟರು. ತಮ್ಮಲ್ಲೂ ಕ್ರಿಸ್ಮಸ್‌ಗೆ ಹಕ್ಕಿಗಳಿಗೆಂದು ಓಟ್ಸ್ ತೆನೆಯ ಸೂಡಿ ಕಟ್ಟುತ್ತಾರೆ, ಇಷ್ಟು ದೂರದಲ್ಲಿ ಅದನ್ನು ಕಾಣುತ್ತೇನೆಂದು ಅಂದುಕೊಂಡಿರಲಿಲ್ಲ ಎಂದರು. ಅವರ ಕಣ್ಣು ತುಂಬಿತ್ತು. ಅತ್ತೆ ಗೆದ್ದವಳ ಹಾಗೆ ಎಲ್ಲರನ್ನೂ ನೋಡಿದಳು. ಅಜ್ಜ ತಲೆ ಕೆಳಗೆ ಹಾಕಿದರು.

ಊಟವಾದ ಮೇಲೆ ಟೋರುನ್ ಚೀಲದಿಂದ ಮಡಿಸಿದ ಬಟ್ಟೆಯೊಂದನ್ನು ತೆಗೆದು ಚಾಪೆಯ ಮೇಲೆ ಹಾಸಿದರು. ಅದರ ತುಂಬ ಕಸೂತಿಯಲ್ಲಿ ಹೊಲಿದ ಒಂದು ಮರ. ಕೊಂಬೆ ಕೊಂಬೆಗೂ ಹೆಸರು. ಹೊಲಿಗೆ ಆರಂಭಿಸಿದ್ದು ಅವರ ಅಜ್ಜಿಯಂತೆ. ನೀಲ್ಸ್ ಎಂಬ ಕೊಂಬೆ ಮಾತ್ರ ಮುಂದೆ ಚಿಗುರದೆ ಬಟ್ಟೆಯ ಅಂಚಿನಲ್ಲಿ ನಿಂತುಬಿಟ್ಟಿತ್ತು. ಟೋರುನ್ ಸೂಜಿಗೆ ಹಸಿರು ನೂಲು ಪೋಣಿಸಿ ಅಜ್ಜನ ಕಡೆ ನೋಡಿ, ನೀಲ್ಸರ ಮಗನ ಹೆಸರು ಹೇಳಬೇಕೆಂದು ಕೇಳಿಕೊಂಡರು.

ಅತ್ತೆ ಬಾಯಿ ತೆರೆದಳು. ಅಜ್ಜ ಕೈ ತೋರಿಸಿ ತಡೆದರು.

"ನೀಲ್ಸಜ್ಜನಿಗೆ ಮದುವೆ ಆಗಿರಲಿಲ್ಲ. ಮಕ್ಕಳೂ ಇರಲಿಲ್ಲ. ನನ್ನ ಅಪ್ಪ ಅವರಿಗೆ ಹುಟ್ಟಿದ ಮಗ ಅಲ್ಲ."

ಅಮ್ಮ ಅದನ್ನು ಇಂಗ್ಲಿಷಿನಲ್ಲಿ ಹೇಳಲಿಲ್ಲ. ಸುಮ್ಮನೆ ಅಜ್ಜನನ್ನೇ ನೋಡುತ್ತ ಕೂತಳು.

"ಹೇಳು ಮಗಾ. ನಾನು ಹೇಳಿದ ಹಾಗೆಯೇ ಹೇಳು. ಅವರ ಬಟ್ಟೆಯಲ್ಲಿ ಸುಳ್ಳು ಹೊಲಿಯುವುದು ಬೇಡ."

ಆಮೇಲೆ ಅಜ್ಜ ಉಳಿದದ್ದನ್ನೂ ಹೇಳಿದರು. ಹೊಳೆಯ ಬಾಯಿಯಲ್ಲಿ ಜನರನ್ನು ದಾಟಿಸುವ ಕಡವಿನ ದೋಣಿಯೊಂದು ಮಗುಚಿತ್ತು. ನೀಲ್ಸಜ್ಜ ತನ್ನ ದೋಣಿ ಹಾಕಿ ಹೋದಾಗ ಹಲಗೆಗೆ ಅಂಟಿಕೊಂಡಿದ್ದ ಒಂದು ಮಗು ಮಾತ್ರ ಸಿಕ್ಕಿತು. ಅದಕ್ಕೆ ಹೆಸರು ಹೇಳುವಷ್ಟೂ ಪ್ರಾಯವಿರಲಿಲ್ಲ. ಕೇಳಿಕೊಂಡು ಯಾರೂ ಬರಲಿಲ್ಲ. ಆ ಮಗುವೇ ಏಲಿಯ. ದೊಡ್ಡವರಾದ ಮೇಲೆ ಏಲಿಯನೇ ಇದನ್ನು ಮಗನಾದ ಅಜ್ಜನಿಗೆ ಹೇಳಿದ್ದರು, ಅಜ್ಜ ಯಾರಿಗೂ ಹೇಳದೆ ಅಷ್ಟು ವರ್ಷ ಇಟ್ಟುಕೊಂಡಿದ್ದರು. ಅಮ್ಮ ಒಂದೊಂದೇ ಮಾತನ್ನು ದಾಟಿಸುತ್ತ ಹೋದಳು.

ಮೊದಲು ಮಾತಾಡಿದವಳು ಅತ್ತೆ. "ಹಾಗಾದ್ರೆ ನನ್ನ ಕಣ್ಣು?"

"ಅದು ನಿನ್ನ ಅಮ್ಮನ ಕಡೆಯದ್ದು. ಆ ಮನೆಯಲ್ಲಿ ಎಲ್ಲರದ್ದೂ ಬೆಕ್ಕಿನ ಕಣ್ಣೇ," ಎಂದರು ಅಜ್ಜ.

ಅತ್ತೆ ಸೆರಗು ಬಾಯಿಗೆ ಹಿಡಿದುಕೊಂಡಳು. ಅಳುತ್ತಿದ್ದಾಳೋ ನಗು ತಡೆಯುತ್ತಿದ್ದಾಳೋ ನನಗೆ ತಿಳಿಯಲಿಲ್ಲ. ಅವಳಿಗೂ ತಿಳಿದಿರಲಿಕ್ಕಿಲ್ಲ.

ಟೋರುನ್ ಸೂಜಿಯನ್ನು ಕೆಳಗಿಡಲಿಲ್ಲ. ಬಟ್ಟೆಯನ್ನು ಅಜ್ಜನ ಕಡೆಗೆ ತಿರುಗಿಸಿ ಮರದ ಬೇರನ್ನು ಬೆರಳಿಂದ ತೋರಿಸಿದರು. ಅಲ್ಲಿ ಯಾವ ಮನುಷ್ಯನ ಹೆಸರೂ ಇರಲಿಲ್ಲ. ಹೆಗ್ಲಂಡ್ ಎಂದಷ್ಟೇ ಇತ್ತು. ಅದು ಗುಡ್ಡದ ಬುಡದಲ್ಲಿರುವ ಒಂದು ಬೇಸಾಯದ ಮನೆಯ ಹೆಸರು ಎಂದು ಅವರು ವಿವರಿಸಿದರು. ಹಿಂದೆ ತಮ್ಮ ಕಡೆ ಹೆಸರು ಮನೆಯದಾಗಿತ್ತು, ಅಲ್ಲಿ ಬದುಕಿದವರಿಗೆಲ್ಲ ಅದೇ ಹೆಸರು. ಬೇರೆ ಮನೆಗೆ ಹೋದವರ ಹೆಸರು ಬದಲಾಗುತ್ತಿತ್ತು. ನೀಲ್ಸರ ತಂದೆಯೇ ಅಲ್ಲಿ ಹುಟ್ಟಿದವರಲ್ಲ, ಬೇರೆ ಕಣಿವೆಯಿಂದ ಕೆಲಸದಾಳಾಗಿ ಬಂದು, ಉಳಿದು, ಹೆಗ್ಲಂಡ್ ಆದವರು.

ಅಜ್ಜ ತಲೆಯಾಡಿಸಿದರು. ನಮ್ಮ ಕಡೆಯೂ ಮನೆಯ ಹೆಸರಿನಿಂದ ಜನರನ್ನು ಗುರುತಿಸುವುದು ಅವರಿಗೆ ಹೊಸದಲ್ಲ. ಆದರೂ ಮುಖ ಬಿಡಿಸಿಕೊಳ್ಳಲಿಲ್ಲ.

"ಹೆಸರಿನ ಮಾತು ಸರಿ," ಎಂದರು. "ಆದ್ರೆ ಅವರು ಕೇಳಿದ್ದು ಮಗ ಅಂತ ಅಲ್ವಾ?"

ಇದನ್ನು ಕೇಳಿಸಿಕೊಂಡ ಟೋರುನ್ ಅವರ ನೋಟ ಮತ್ತೆ ಅಂಗಳದ ಕಂಬಕ್ಕೆ ಹೋಯಿತು. ಇಷ್ಟು ಎತ್ತರಕ್ಕೆ ಸೂಡಿ ಕಟ್ಟುವುದು ಹೇಗೆ ಎಂದು ಕೇಳಿದರು. ನಾನು ಸುಮ್ಮನಿರಲಾರದೆ, ಹಿರಿಯರ ಹೆಗಲ ಮೇಲೆ ಚಿಕ್ಕವರು ಕೂತು ಕಟ್ಟುವುದು, ನೀಲ್ಸಜ್ಜನ ಕಾಲದಿಂದ ಹಾಗೆಯೇ, ನಾರ್ವೆಯ ಕ್ರಮ ಎಂದೆ. ಅಮ್ಮ ಹೇಳಿದ್ದನ್ನು ಕೇಳಿ ಟೋರುನ್ ಅಚ್ಚರಿಪಟ್ಟರು. ತಮ್ಮಲ್ಲಿ ಹಾಗಿಲ್ಲ, ಕೊಟ್ಟಿಗೆಯ ಮಾಡಿಗೆ ಏಣಿ ಇಟ್ಟು ದೊಡ್ಡವರೇ ಹತ್ತಿ ಕಟ್ಟುತ್ತಾರೆ, ಹೆಗಲ ಮೇಲೆ ಮಗುವನ್ನು ಕೂರಿಸುವುದನ್ನು ತಾನು ಕೇಳಿಯೇ ಇಲ್ಲ ಎಂದರು. ಆಮೇಲೆ ಅಜ್ಜನನ್ನು ಒಂದು ಮಾತು ಕೇಳಿದರು. ಅಮ್ಮ ಅದನ್ನು ಮೆಲ್ಲಗೆ ದಾಟಿಸಿದಳು.

"ನೀಲ್ಸಜ್ಜನ ಹತ್ರ ಏಣಿ ಇರಲಿಲ್ವಾ ಅಂತ ಕೇಳ್ತಿದ್ದಾರೆ ಮಾವ."

ಅಜ್ಜ ಮನೆಯ ಹಿಂಬದಿಗೆ ಮುಖ ತಿರುಗಿಸಿದರು. ಅಲ್ಲಿ ಗೋಡೆಗೆ ನೇತುಹಾಕಿದ್ದ ಏಣಿಯನ್ನು ಹಂಚು ಸರಿಮಾಡಲು ವರ್ಷ ವರ್ಷವೂ ಇಳಿಸುತ್ತಿದ್ದೆವು.

"ಉಂಟು," ಎಂದರು. "ಅವರೇ ಮಾಡಿದ್ದು. ನನ್ನ ಅಪ್ಪ ಸಿಗುವುದಕ್ಕಿಂತ ಮುಂಚಿನದ್ದು. ಆದ್ರೂ ಅಪ್ಪನನ್ನು ಹೆಗಲ ಮೇಲೆಯೇ ಕೂರಿಸಿಕೊಂಡದ್ದು," ಎಂದರು.

ಅಜ್ಜನ ಕಣ್ಣಿಂದ ನೀರು ಇಳಿಯಿತು. ಅವರು ಅದನ್ನು ಒರೆಸಿಕೊಳ್ಳಲೂ ಇಲ್ಲ. ಟೋರುನ್ ಬಟ್ಟೆಯನ್ನು ತೊಡೆಯ ಮೇಲೆ ಎಳೆದುಕೊಂಡು, ಆ ಹೆಸರನ್ನು ಇನ್ನೊಮ್ಮೆ ಹೇಳಿಸಿಕೊಂಡು, ನೀಲ್ಸ್ ಎಂಬ ಕೊಂಬೆಯ ತುದಿಗೆ ಏಲಿಯ ಎಂದು ಹೊಲಿಯತೊಡಗಿದರು.

ಬಿಸಿಲು ಇಳಿದ ಮೇಲೆ ಅಜ್ಜ ಜಗಲಿಯಿಂದ ಎದ್ದು ಕಂಬದ ಬಳಿಗೆ ಹೋಗಿ ನೆಲಕ್ಕೆ ಕುಕ್ಕರಗಾಲಿನಲ್ಲಿ ಕೂತು, ನನ್ನ ಕಡೆ ತಿರುಗಿ ಹೆಗಲು ತಟ್ಟಿದರು. ನಾನು ಸೂಡಿ ಎತ್ತಿಕೊಂಡು ಓಡಿದೆ. ಮೊಣಕಾಲು ನೋವಿನ ಮಾತು ಬರಲಿಲ್ಲ. ಏಳುವಾಗ ಒಂದಿಷ್ಟು ತೂಗಾಡಿದರು, ಆಮೇಲೆ ಎಂದಿನಂತೆ ನೆಟ್ಟಗೆ ನಿಂತು ನನ್ನ ಕಾಲುಗಳನ್ನು ಎರಡೂ ಕೈಗಳಿಂದ ಹಿಡಿದುಕೊಂಡರು.

"ಹೆಗ್ಲಂಡರ ಸೂಡಿ ಅದು, ಬಿಗಿಯಾಗಿ ಕಟ್ಟು," ಎಂದರು.

ಹೊಳೆ ಕಂಡಿತು, ಮರಳುದಂಡೆ ಕಂಡಿತು. ನಾನು ಗಂಟು ಹಾಕಿದೆ, ಬಿಚ್ಚಿದೆ, ಮತ್ತೆ ಹಾಕಿದೆ. ಅಜ್ಜ ಅವಸರ ಮಾಡಲಿಲ್ಲ. ಹಿಂದಿನ ಗೋಡೆಯಲ್ಲಿ ಏಣಿ ತನ್ನ ಪಾಡಿಗೆ ತಾನು ನೇತಾಡಿಕೊಂಡಿತ್ತು.