ಕಂದು ಕೋಟು, ನೀಲಿ ಗಾಜು

"ಎಂಟನೇ ಕ್ಲಾಸಿಗೇ ಪುಸ್ತಕ ಎಸೆದು ಬಂದವನ ಹತ್ರ ಪಾಠ ಹೇಳಿಸ್ಕೊಳ್ಳೋ ಗತಿ ನಮಗಿನ್ನೂ ಬಂದಿಲ್ಲ. ನೀವು ಮುಂದೆ ಹೇಳಿ ಸಾರ್," ಎಂದು ಭಾವ ಗಾಜಿನ ಕಂಪನಿಯವನ ಕಡೆ ತಿರುಗಿ ಕೂತ.

ನಗಬೇಕೋ ಬೇಡವೋ ತಿಳಿಯದೆ ಕಂಪನಿಯವನು ಟೈ ಸರಿಮಾಡಿಕೊಂಡ. ಅಕ್ಕನ ಅತ್ತೆಗೆ ಅಂಥ ಅನುಮಾನವೇನೂ ಇರಲಿಲ್ಲ. ಸೋಫಾದ ಮೂಲೆಯಲ್ಲಿ ಕುಲುಕುಲು ನಕ್ಕಳು. ಅಕ್ಕ ಕೈಯಲ್ಲಿದ್ದ ಕೋಟಿನಿಂದ ತಲೆ ಎತ್ತಲಿಲ್ಲ.

ಕಿಟಕಿಯ ಅಳತೆ ಹಿಡಿಯುತ್ತಿದ್ದ ಅವಳ ತಮ್ಮ ಟೇಪು ಬಿಟ್ಟ. ಅದು ಸರ್ರನೆ ಸುತ್ತಿಕೊಂಡು ಬೆರಳಿಗೆ ಬಡಿಯಿತು. ಕೆಲಸ ಮಾಡುವ ಗಾಜಿನಂಗಡಿಯಲ್ಲಿ ಎಲ್ಲರೂ ಅವನನ್ನು ಕಿಡಿ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಮಾಲೀಕನಿಗೂ ಮರೆತುಹೋಗಿತ್ತು. ಹತ್ತು ವರ್ಷ ಗಾಜು ಕೊಯ್ದು, ಹೊತ್ತು, ಚೌಕಟ್ಟಿಗೆ ಕೂರಿಸಿ ಎರಡೂ ಹೆಬ್ಬೆರಳ ತುಂಬ ಬಿಳಿ ಗಾಯದ ಗೆರೆಗಳನ್ನು ಮಾಡಿಕೊಂಡಿದ್ದ. ಅವನು ಹೇಳಿದ್ದಾದರೂ ಏನು? "ಭಾವ, ಈ ಗಾಜು ಈ ಕಿಟಕಿಗೆ ಆಗಿಬರಲ್ಲ." ಅಷ್ಟೇ. ಅದೂ ಅಕ್ಕ "ನೀನೊಂದ್ಸಲ ಬಂದು ನೋಡೋ ಪುಟ್ಟ, ನನಗೆ ಇದೆಲ್ಲ ತಲೆಗೆ ಹತ್ತಲ್ಲ" ಎಂದು ಫೋನು ಮಾಡಿದ್ದಕ್ಕೆ, ಅರ್ಧ ದಿನ ರಜೆ ಹಾಕಿ ಬಂದು.

ಮೂರನೇ ಮಹಡಿಯ ಮನೆ. ಪಡುವಣ ಗೋಡೆಯಿಡೀ ಕಿಟಕಿ. ಅದಕ್ಕೆ ಒತ್ತಿಕೊಂಡೇ ಅಕ್ಕನ ಮೇಜು. ಹರಿದ, ಸುಟ್ಟ, ಹುಳು ತಿಂದ ಕೋಟುಗಳಿಗೆ ಎಳೆ ಎಳೆಯಾಗಿ ನೂಲು ಹೆಣೆದು ತೂತು ಇತ್ತೆಂಬುದೇ ಕಾಣದ ಹಾಗೆ ಮಾಡುವುದು ಅವಳ ಕೆಲಸ. ಡ್ರೈಕ್ಲೀನಿಂಗ್ ಅಂಗಡಿಗಳಿಂದ ಚೀಲಗಟ್ಟಲೆ ಬರುತ್ತಿತ್ತು. ನೂಲಿನ ಬಣ್ಣ ಕೂದಲೆಳೆಯಷ್ಟು ತಪ್ಪಿದರೂ ಆ ಕೋಟು ಮರುದಿನವೇ ವಾಪಸು. ಮಧ್ಯಾಹ್ನವಾದರೆ ಸಾಕು, ಪರದೆ ತೆಗೆದರೆ ಕುಲುಮೆ, ಎಳೆದರೆ ಕತ್ತಲು. ಅಕ್ಕ ತಲೆಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಹೊಲಿಯುತ್ತಿದ್ದಳು. "ಬಿಡು ಆ ಕೆಲಸಾನ" ಎಂದು ಭಾವ ಎರಡು ವರ್ಷದಿಂದ ರಾಗ ಎಳೆಯುತ್ತಿದ್ದ. ಆ ಮನೆಯಲ್ಲಿ ಅಕ್ಕ ತನ್ನದು ಎಂದು ಉಳಿಸಿಕೊಂಡಿದ್ದು ಆ ಮೇಜು, ಅದರ ಮೇಲೆ ಬೀಳುವ ಬೆಳಕು, ಎರಡೇ.

ಈಗ ಎದುರು ಕಟ್ಟಡದವರು ಬೇಕೆಂದಾಗ ಬಣ್ಣ ಏರಿ ಬಿಸಿಲು ತಡೆಯುವ ಗಾಜು ಹಾಕಿಸಿದ್ದರು. ಅಂದಿನಿಂದ ಭಾವನಿಗೆ ನಿದ್ದೆಯಿಲ್ಲ.

ಕಂಪನಿಯವನು ಪೆಟ್ಟಿಗೆಯಿಂದ ಪುಸ್ತಕದಗಲದ ಗಾಜು ತೆಗೆದು, ತಂತಿ ಸಿಕ್ಕಿಸಿ, ಮೊಬೈಲು ಒತ್ತಿದ. ಗಾಜು ಅಂಚಿನಿಂದ ನಿಧಾನಕ್ಕೆ ಬಣ್ಣ ತುಂಬಿಕೊಂಡು ಕಡುನೀಲಿಯಾಯಿತು.

"ಬಿಸಿಲು ಹೊರಗೇ ನಿಲ್ಲುತ್ತೆ ಮೇಡಂ. ಪರದೆ ಬೇಡ, ಧೂಳಿಲ್ಲ, ಒಗೆಯೋದಿಲ್ಲ. ಸೋಫಾ ಬಿಟ್ಟು ಏಳೋದೂ ಬೇಡ."

"ನೋಡಮ್ಮ!" ಎಂದ ಭಾವ ತಾಯಿಗೆ, ತಾನೇ ಕಂಡುಹಿಡಿದವನಂತೆ.

ಕಿಡಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ಹೋದ. ಗಾಜು ಸುಳ್ಳಲ್ಲ, ಶೆಖೆ ತಡೆಯುತ್ತದೆ, ಅದೂ ನಿಜ. ಒಂದು ಆಸ್ಪತ್ರೆಗೆ ಅವನೇ ಕೂರಿಸಿದ್ದ. ಅಲ್ಲಿನ ಬಿಳಿ ಹಾಸಿಗೆಗಳೆಲ್ಲ ಮಧ್ಯಾಹ್ನ ನೀಲಿ ಅದ್ದಿದ ಹಾಗೆ ಕಂಡದ್ದು ಕಣ್ಣಲ್ಲಿತ್ತು. ಆದರೆ ಈ ಮಾತನ್ನು ಜೋಡಿಸಿ ಹೇಳಲು ಅವನಿಗೆ ಬರುತ್ತಿರಲಿಲ್ಲ. ಭಾವ ಆಡಿದ ಎಂಟನೇ ಕ್ಲಾಸಿನ ಮಾತೇ ನೆನಪಾಗುತ್ತಿತ್ತು.

ಹೇಳಲಾಗದಿದ್ದರೆ ತೋರಿಸುವುದು. ಪರದೆಗಳನ್ನು ಸರ್ರನೆ ಎಳೆದ. ನಡುವೆ ಗೇಣಗಲ ಸಂದು ಬಿಟ್ಟು, ಕಂಪನಿಯವನ ಕೈಯಿಂದ ಗಾಜು ಕಿತ್ತುಕೊಂಡು ಆ ಸಂದಿಗೆ ಹಿಡಿದ.

"ಅಯ್ಯೋ, ತಂತಿ ಹುಷಾರು!" ಎಂದ ಕಂಪನಿಯವನು.

"ಗಾಜು ಹಿಡಿಯೋದು ನನಗೆ ಹೇಳ್ಕೊಡ್ಬೇಡಿ. ಅಕ್ಕಾ, ಆ ಕೋಟಿಗೆ ನೂಲು ಆರಿಸು."

ಮೇಜಿನ ಮೇಲೆ ನೀಲಿ ಬೆಳಕು ಮಾತ್ರ ಬಿದ್ದಿತ್ತು. ಅಕ್ಕ ಅವನ ಮುಖ ನೋಡಿದಳು. ಏಕೆ, ಏನು ಎಂದು ಕೇಳಲಿಲ್ಲ. ತಮ್ಮ ಹೇಳಿದ, ಮಾಡಿದಳು. ಡಬ್ಬಿ ತೆರೆದು, ಉಂಡೆಗಳನ್ನು ಬಟ್ಟೆಗೆ ಒತ್ತಿ ಒತ್ತಿ ನೋಡಿ, ಒಂದನ್ನು ಕೋಟಿನ ಮೇಲಿಟ್ಟಳು. "ಇದು."

ಕಿಡಿ ಪರದೆ ಕಿತ್ತೆಸೆದ ಹಾಗೆ ಸರಿಸಿದ. ಬಿಸಿಲು ಒಳನುಗ್ಗಿತು. ಕೋಟು ಕಂದು. ನೂಲು ಕಪ್ಪು.

"ಕಂಡ್ರಾ?" ಎಂದು ಅವನು ಬಾಯಿ ತೆರೆಯುವಷ್ಟರಲ್ಲಿ ಅಕ್ಕನ ಅತ್ತೆ ತೊಡೆ ತಟ್ಟಿಕೊಂಡಳು.

"ನಾನು ಹೇಳಿರ್ಲಿಲ್ವೇನೋ? ಹೋದ ತಿಂಗಳು ಕೋಟು ವಾಪಸು ಬಂದಾಗ್ಲೇ ಹೇಳಿದ್ದೆ, ಇವಳ ಕಣ್ಣು ಮಂದ ಆಗಿದೆ ಅಂತ!"

"ಕರಿ ಯಾವುದು, ಕಂದು ಯಾವುದು ಗೊತ್ತಾಗಲ್ಲ," ಎಂದು ಭಾವ ಕಂಪನಿಯವನಿಗೇ ದೂರು ಹೇಳಿದ. "ಹತ್ತು ಸಲ ಹೇಳಿದೀನಿ ಸಾರ್, ಬಿಟ್ಟುಬಿಡು ಅಂತ."

ಕಿಡಿ ಗಾಜನ್ನು ಮೇಜಿನ ಮೇಲಿಟ್ಟು ಭಾವನ ಮುಂದೆ ಬಂದ. ಹೋದ ತಿಂಗಳ ಕೋಟಿನ ಸುದ್ದಿ ಅವನಿಗೆ ಗೊತ್ತೇ ಇರಲಿಲ್ಲ. "ಕಣ್ಣಲ್ಲ ಭಾವ, ಗಾಜು! ಗಾಜು ನೀಲಿ, ಅದಕ್ಕೇ—"

"ನೀನು ಸುಮ್ನಿರೋ," ಎಂದಳು ಅಕ್ಕ.

ಕಪ್ಪು ನೂಲನ್ನು ಡಬ್ಬಿಗೆ ಹಾಕಿದಳು. ಡಬ್ಬಿಯಲ್ಲಿ ಕಂದು ನೂಲೇ ಏಳೆಂಟು ಬಗೆ ಇತ್ತು. ಹುಡುಕದೆ, ತಡವರಿಸದೆ ಒಂದನ್ನು ತೆಗೆದು ಕೋಟಿನ ಮೇಲೆ ಎಳೆದಳು. ನೂಲು ಬಟ್ಟೆಯೊಳಗೆ ಇಂಗಿಹೋಯಿತು.

"ಎಲ್ಲಿದೆ ನೂಲು, ತೋರಿಸಿ," ಎಂದು ಕೋಟನ್ನು ಗಂಡನ ತೊಡೆಯ ಮೇಲಿಟ್ಟಳು. ಭಾವ ಬಗ್ಗಿ ನೋಡಿದ. ಅತ್ತೆ ಕನ್ನಡಕ ಏರಿಸಿ ನೋಡಿದಳು. ಕೊನೆಗೆ ಕಂಪನಿಯವನು ಬೆರಳಿಂದ ಸವರಿ ಹುಡುಕಿದ.

"ಹೋದ ತಿಂಗಳ ಕೋಟು ಕತ್ತಲಲ್ಲಿ ಹೊಲಿದಿದ್ದು, ಪರದೆ ಎಳೆದು, ತಲೆನೋವು ತಡೀಲಾರದೆ. ಗಾಜು ಬೇಡ. ಕಿಟಕಿ ಹೊರಗಡೆ ತೆಳು ಬಿಳಿ ಬಟ್ಟೆ ಮರೆ ಹಾಕ್ಸಿ, ಬೇಕಾದಾಗ ಇಳಿಸಿ ಬೇಡವಾದಾಗ ಸುತ್ತೋ ಹಾಗೆ."

"ಎದುರುಗಡೆಯವರು ನೋಡಿ ನಗ್ತಾರೆ ಕಣೆ."

"ಎದುರುಗಡೆಯವರು ಕೋಟು ಹೊಲಿಯಲ್ಲ."

ಭಾವ ಕೋಟನ್ನು ಅವಳ ಕೈಗೆ ಕೊಟ್ಟ. ಕಂಪನಿಯವನು ತಂತಿ ಸುತ್ತತೊಡಗಿದ. ಗೆದ್ದಂತಾಯಿತು ಎಂದುಕೊಂಡ ಕಿಡಿ. ಆದರೆ ಮೈಯೊಳಗಿನ ಉರಿ ಇಳಿಯಲಿಲ್ಲ. ಟೇಪು, ಸ್ಕ್ರೂಡ್ರೈವರ್ ಚೀಲಕ್ಕೆ ತುರುಕಿ ಬಾಗಿಲಿಗೆ ಬಂದ. ಅಕ್ಕ ಹಿಂದೆಯೇ ಬಂದು ಬಾಗಿಲನ್ನು ಅರ್ಧ ಎಳೆದುಕೊಂಡಳು. ಕಣ್ಣು ಕೆಂಪಾಗಿತ್ತು, ಬಿಸಿಲಿಗಲ್ಲ.

"ನೀಲಿ ಬೆಳಕಲ್ಲಿ ಬಣ್ಣ ತಪ್ಪು ಕಾಣುತ್ತೆ ಅಂತ ನಿನಗೆ ಮೊದಲೇ ಗೊತ್ತಿತ್ತು. ನಾನು ತಪ್ಪು ಆರಿಸ್ತೀನಿ ಅಂತಾನೂ ಗೊತ್ತಿತ್ತು. ಕಿವಿಯಲ್ಲಿ ಒಂದು ಮಾತು ಹಾಕಿದ್ರೆ ಆಗ್ತಿರ್ಲಿಲ್ವಾ?"

ಅವನು ಚೀಲದ ಪಟ್ಟಿ ಬಿಗಿ ಮಾಡಿದ, ಸಡಿಲ ಮಾಡಿದ.

"ಅವರೆಲ್ಲರ ಮುಂದೆ ನನ್ನನ್ನ ಪರೀಕ್ಷೆಗೆ ನಿಲ್ಲಿಸಿದ್ಯಲ್ಲೋ. ನನ್ನ ಕೆಲಸ ಉಳಿಸೋಕೆ ಮಾಡಿದ್ಯಾ ಪುಟ್ಟ, ಭಾವಂಗೆ ತಿರುಗಿಸಿ ಹೊಡೆಯೋಕೆ ಮಾಡಿದ್ಯಾ?"

ಒಳಗಿಂದ ಅತ್ತೆಯ ದನಿ ಕೇಳಿಸುತ್ತಿತ್ತು. ಅಕ್ಕ ಬಾಗಿಲು ಹಿಡಿದುಕೊಂಡೇ ನಿಂತಿದ್ದಳು, ಉತ್ತರಕ್ಕೆ. ಕಿಡಿ ಚೀಲ ಹೆಗಲಿಗೇರಿಸಿ ಎರಡೆರಡು ಮೆಟ್ಟಿಲು ಹಾರುತ್ತಾ ಇಳಿದ. ಕೆಳಗಿನ ಮಹಡಿ ತಲುಪಿದರೂ ಮೇಲೆ ಬಾಗಿಲು ಮುಚ್ಚಿದ ಸದ್ದು ಕೇಳಿಸಲಿಲ್ಲ. ಅವನು ನಿಲ್ಲಲಿಲ್ಲ.