ತಿರುವಿನ ಒಳದಡ

ಮೂರನೇ ಪೀರಿಯಡ್ಡಿನ ಬೆಲ್ ಹೊಡೆದು ಐದು ನಿಮಿಷವಾದರೂ ಒಂಬತ್ತನೇ ತರಗತಿ ಖಾಲಿಯಾಗಿತ್ತು. ಮಕ್ಕಳೆಲ್ಲ ಎಲ್ಲಿದ್ದಾರೆಂದು ಬಾಗಿಲಲ್ಲಿ ನಿಂತ ಐರಿನ್ ಟೀಚರಿಗೆ ಯಾರೂ ಹೇಳಬೇಕಿರಲಿಲ್ಲ. ಅಂಗಳದ ಬೇವಿನ ಮರದಡಿ, ಹೊಸ ಟೀಚರ್ ಭಾನುಪ್ರಿಯಾ ಇಟ್ಟಿದ್ದ ತಗಡಿನ ಟ್ರೇ ಸುತ್ತ ಮುಗಿಬಿದ್ದಿದ್ದರು.

ಟ್ರೇ ತುಂಬ ಮರಳು, ಒಂದು ತುದಿಗೆ ಎರಡು ಇಟ್ಟಿಗೆಯ ಎತ್ತರ. ಮೇಲಿನಿಂದ ಚೊಂಬಿನಲ್ಲಿ ನೀರು ಬಿಟ್ಟರೆ ಪುಟ್ಟ ನದಿಯೊಂದು ತಿರುವು ತೆಗೆದುಕೊಳ್ಳುತ್ತ ದಡ ಕೊರೆದು, ಕೆಂಪು ಬಣ್ಣ ಕಲಸಿದ ಮರಳನ್ನು ಹೊತ್ತು, ಕೆಳಗೆ ಇಳಿಸಿ ಹರಡುತ್ತಿತ್ತು. ಎಂಟನೇ ತರಗತಿಗೆ ಭೂಗೋಳ ಕಲಿಸಲೆಂದು ಸೇರಿ ನಾಲ್ಕು ತಿಂಗಳಾಗದ ಹುಡುಗಿಗೆ ಇಷ್ಟೊಂದು ಮೆರವಣಿಗೆ!

ಲಕ್ಷ್ಮೀಪುರಂನ ಆ ಶಾಲೆಯಲ್ಲಿ ಹತ್ತೊಂಬತ್ತು ವರ್ಷಗಳಿಂದ ನದಿಯ ಪಾಠವೆಂದರೆ ಐರಿನ್. ಅವರೇ ಬರೆದ ನದಿಯ ಚಾರ್ಟು ಗೋಡೆಯ ಮೇಲಿತ್ತು. ಪ್ರತಿವರ್ಷ ಅಕ್ಕಪಕ್ಕದ ಶಾಲೆಗಳ ಶಿಕ್ಷಕರು ಬಂದು ಅವರ ಮಾದರಿ ಪಾಠ ನೋಡಿ ಹೋಗುತ್ತಿದ್ದರು. ಈಗ ಅವರ ಹೊಟ್ಟೆಯೊಳಗೆ ಉರಿಯುತ್ತಿದ್ದುದು ಅಪ್ಪಟ ಹೊಟ್ಟೆಕಿಚ್ಚು. ಐರಿನ್ ಮಾತ್ರ ಅದಕ್ಕೆ ಶಿಸ್ತು ಎಂದು ಹೆಸರಿಟ್ಟುಕೊಂಡಿದ್ದರು. ಚರ್ಚಿನ ಪಾಪನಿವೇದನೆಯಲ್ಲೂ ಅದರ ಸುದ್ದಿ ಎತ್ತಿರಲಿಲ್ಲ.

ಸೋಮವಾರ ಮುಖ್ಯೋಪಾಧ್ಯಾಯಿನಿ ವೇದವತಿ ಕರೆದರು. "ಈ ಸಲ ಮಾದರಿ ಪಾಠ ಭಾನುಪ್ರಿಯಾ ಮಾಡ್ಲಿ ಅಂತಿದ್ದೀನಿ. ಏನಂತೀರಿ?"

"ಮಾಡ್ಲಿ ಬಿಡಿ ಮೇಡಂ, ನಂಗೇನು? ಆದ್ರೆ ಮೀಸಲಾತೀಲಿ ಸೀಟು ತಗೊಂಡು ಓದಿ ಬಂದೋರು. ಹೊರಗಿನೋರ ಮುಂದೆ ತಪ್ಪು ಪಾಠ ಮಾಡಿದ್ರೆ ಮರ್ಯಾದೆ ಹೋಗೋದು ಸ್ಕೂಲಿಂದು."

"ಹಂಗೆಲ್ಲ ಅನ್ಬಾರ್ದು ಕಣ್ರೀ," ಎಂದ ವೇದವತಿ ಆಮೇಲೆ ಕನ್ನಡಕ ಒರೆಸುತ್ತ ಕೂತರು. ಹೊರಗಿನವರ ಹೆದರಿಕೆ ಅವರಿಗೂ ಇತ್ತು. "ಸರಿ, ನೀವೇ ಮಾಡಿ. ಆ ಟ್ರೇ ಮಾತ್ರ ಬಳಸ್ಕೊಳ್ಳಿ."

ಗೆದ್ದ ಸಂತೋಷದಲ್ಲಿ ಐರಿನ್ ಬಾಗಿಲ ಪರದೆ ಸರಿಸಿದರೆ, ಹಾಜರಿ ಪುಸ್ತಕ ಹಿಡಿದು ಭಾನುಪ್ರಿಯಾ ನಿಂತಿದ್ದಳು. ಎಲ್ಲ ಕೇಳಿಸಿತ್ತು.

"ಮರಳು ನಾನೇ ಹದ ಮಾಡ್ಕೊಡ್ತೀನಿ ಮಿಸ್," ಎಂದಳು. ಹಾಜರಿ ಪುಸ್ತಕವನ್ನು ಕಂಕುಳಿಗೆ ಸೇರಿಸಿ, "ಪರೀಕ್ಷೇಲಿ ನಂಗೆಷ್ಟು ಬಂತು ಅಂತ ಒಬ್ರೂ ಕೇಳಲ್ಲ ಮಿಸ್. ಎಂಗೆ ಸೀಟ್ ಸಿಕ್ತು ಅಂತ ಮಾತ್ರ ಎಲ್ರೂ ಹೇಳ್ತಾರೆ."

"ನಾನು ಸ್ಕೂಲಿನ ಒಳ್ಳೇದಕ್ಕೆ ಹೇಳ್ದೆ ಕಣಮ್ಮ," ಎಂದು ಐರಿನ್ ಬಿರಬಿರನೆ ನಡೆದರು.

ಗುರುವಾರ ತರಗತಿಯ ಹಿಂಬದಿಯಲ್ಲಿ ಹನ್ನೆರಡು ಮಂದಿ ಶಿಕ್ಷಕರು ಕುಳಿತರು. ಐರಿನ್ ಅಲ್ಲಿಯವರೆಗೆ ಟ್ರೇಯನ್ನು ಒಮ್ಮೆಯೂ ಮುಟ್ಟಿ ನೋಡಿರಲಿಲ್ಲ. ಮುಟ್ಟಿದರೆ ಆ ಹುಡುಗಿಯ ಹತ್ತಿರ ಕಲಿಯಲು ಹೋದ ಹಾಗಾಗುತ್ತದಲ್ಲ!

ಚಾರ್ಟಿನ ಮೇಲೆ ಕೋಲಿಟ್ಟು ಹೇಳಿದರು: "ತಿರುವಿನಲ್ಲಿ ನದಿ ಒಳಗಡೆ ದಡ ಕೊರೆಯುತ್ತೆ. ಹೊತ್ತು ತಂದ ಮರಳನ್ನ ಹೊರಗಡೆ ದಡಕ್ಕೆ ಎಸೆಯುತ್ತೆ. ಬಸ್ಸು ತಿರುಗಿದಾಗ ನಾವು ಹೊರಗಡೆಗೆ ವಾಲಲ್ವಾ, ಹಾಗೆ. ಈಗ ನೋಡಿ."

ನೀರು ಬಿಟ್ಟರು. ನೀರು ತಿರುವಿನ ಹೊರದಡಕ್ಕೆ ಬಡಿದು ಅದನ್ನೇ ಕೊರೆಯಿತು. ಕೆಂಪು ಮರಳು ಒಳದಡಕ್ಕೆ ಆತುಕೊಂಡು ತಣ್ಣಗೆ ಕುಳಿತಿತು.

"ಮಿಸ್," ಮುಂದಿನ ಬೆಂಚಿನ ಸಮನ್ವಿತಾ ಎದ್ದಳು, "ಚಾರ್ಟಲ್ಲಿರೋ ಹಂಗಿಲ್ಲ. ಉಲ್ಟಾ ಆಗಿದೆ."

ಹಿಂದಿನಿಂದ ಹಿರಿಯ ಶಿಕ್ಷಕರೊಬ್ಬರು ಸಮಾಧಾನ ಹೇಳಿದರು. "ಟ್ರೇ ಜೋಡಿಸಿದೋರು ಏನೋ ಎಡವಟ್ಟು ಮಾಡಿರ್ಬೇಕು ಬಿಡಿ ಮೇಡಂ."

ಎಲ್ಲರ ಕಣ್ಣೂ ಗೋಡೆಗೆ ಒರಗಿ ನಿಂತಿದ್ದ ಭಾನುಪ್ರಿಯಾಳತ್ತ ಹೊರಳಿದವು. ಐರಿನ್ ತಲೆಯಾಡಿಸಿದ್ದರೆ ಸಾಕಿತ್ತು, ಹತ್ತೊಂಬತ್ತು ವರ್ಷದ ಹೆಸರು ಉಳಿಯುತ್ತಿತ್ತು. ಹುಡುಗಿ ಇಂಥದ್ದೆಲ್ಲ ಮೊದಲೇ ಕಂಡವಳ ಹಾಗೆ ನೆಲ ನೋಡಿದಳು. ಆ ನೋಟ ಐರಿನ್‌ಗೆ ಚುಚ್ಚಿತು. ಚೊಂಬು ತುಂಬಿಸಿ ಇನ್ನೊಮ್ಮೆ ನೀರು ಬಿಟ್ಟರು. ಮರಳು ಮತ್ತೆ ಒಳದಡದಲ್ಲೇ ನಿಂತಿತು.

"ಟ್ರೇ ಸರಿಯಾಗೇ ಇದೆ ಸರ್," ಎಂದರು. "ಚಾರ್ಟು ತಪ್ಪು. ಬರೆದಿದ್ದು ನಾನು. ಭಾನುಪ್ರಿಯಾ ಮಿಸ್, ಯಾಕೆ ಹೀಗಾಗುತ್ತೆ? ನೀವೇ ಹೇಳಿ."

ಭಾನುಪ್ರಿಯಾ ನಿಧಾನವಾಗಿ ಮುಂದೆ ಬಂದಳು. "ಹೊರಗಡೆ ನೀರಿನ ಓಟ ಜೋರು, ದಡ ತಿಂದ್ಬುಡುತ್ತೆ. ಒಳಗಡೆ ಓಟ ಕಮ್ಮಿ. ಓಟ ಕಮ್ಮಿಯಾದ್ರೆ ಹೊರೋ ಶಕ್ತೀನೂ ಕಮ್ಮಿ, ಮರಳು ಇಳಿಸ್ಬುಡುತ್ತೆ. ನಮ್ಮಪ್ಪ ಚೆಲುವಯ್ಯ ಕಪಿಲೇಲಿ ಮರಳು ಎತ್ತೋ ಕೂಲಿ ಮಾಡ್ತಿದ್ರು. ಸ್ಕೂಲ್ ಮೆಟ್ಟಿಲು ಹತ್ತಿದೋರಲ್ಲ. ತೆಪ್ಪ ಮಾತ್ರ ಯಾವಾಗ್ಲೂ ತಿರುವಿನ ಒಳಗಡೇನೇ ನಿಲ್ಲಿಸೋರು."

ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ನಿಜ ಹೇಳಬೇಕೆಂದರೆ ಐರಿನ್‌ರ ಹೊಟ್ಟೆಕಿಚ್ಚು ಆಗಲೂ ಆರಿರಲಿಲ್ಲ. ತನಗೆ ಒಂದು ದಿನವೂ ಇಷ್ಟು ಚೆನ್ನಾಗಿ ಹೇಳಲು ಬಂದಿರಲಿಲ್ಲವಲ್ಲ ಎಂದು ಉರಿಯುತ್ತಲೇ ಇತ್ತು. ಈ ಸಲ ಅದಕ್ಕೆ ಬೇರೆ ಹೆಸರಿಡಲು ಅವರು ಹೋಗಲಿಲ್ಲ.

ಮೊಳೆಯಿಂದ ಚಾರ್ಟು ಇಳಿಸಿ ಸುತ್ತಿಟ್ಟರು. ಬಾಗಿಲ ಬಳಿ ಕುಳಿತಿದ್ದ ವೇದವತಿಯವರತ್ತ ತಿರುಗಿ, ಎಲ್ಲರಿಗೂ ಕೇಳಿಸುವಂತೆ, "ಮೇಡಂ, ಸೋಮವಾರ ನಿಮ್ಮ ರೂಮಲ್ಲಿ ನಾನು ಇವರ ಬಗ್ಗೆ ಆಡಿದ್ದು ಇದಕ್ಕಿಂತ ದೊಡ್ಡ ತಪ್ಪು," ಎಂದರು. ಆಮೇಲೆ ಸೀಮೆಸುಣ್ಣವನ್ನು ಭಾನುಪ್ರಿಯಾಳ ಕೈಗಿಟ್ಟರು.

"ಸ್ವಲ್ಪ ಜರುಗಮ್ಮ," ಎಂದು ಸಮನ್ವಿತಾಳ ಪಕ್ಕ ಬೆಂಚಿನಲ್ಲಿ ಕುಳಿತು, ಅವಳ ಹತ್ತಿರ ಒಂದು ಹಾಳೆ ಮತ್ತು ಪೆನ್ಸಿಲ್ ಕೇಳಿ ಪಡೆದರು. ಬೋರ್ಡಿನ ಮೇಲೆ ಭಾನುಪ್ರಿಯಾ ನದಿಯ ತಿರುವು ಬರೆಯತೊಡಗಿದಳು. ಐರಿನ್ ಅದನ್ನು ನೋಡಿ ನೋಡಿ ಬರೆದುಕೊಂಡರು.