ಡಬ್ಬಿಯ ಮೇಲೆ ಚಿರಂಜೀವಿಯ ಹೆಸರು

ಬಾಗಲಗುಂಟೆಯಲ್ಲಿ ಯಾರ ಮನೆಯಲ್ಲಿ ಸೀಮಂತ ನಡೆದರೂ ವನಜಾ ಅಡುಗೆಮನೆಯಲ್ಲೇ ಉಳಿಯುತ್ತಿದ್ದಳು. ಮದುವೆಯಾಗಿ ಆರು ವರ್ಷ, ಮಕ್ಕಳಾಗಿರಲಿಲ್ಲ. ಬಸುರಿಗೆ ಆರತಿ ಎತ್ತಲು ಅವಳನ್ನು ಯಾರೂ ಕರೆಯುತ್ತಿರಲಿಲ್ಲ. ಕರೆದರೂ ಅತ್ತೆ ಚಿಕ್ಕಮುನಿಯಮ್ಮ ಬಿಡುತ್ತಿರಲಿಲ್ಲ.

"ನೀನು ಒಳ್ಗೇ ಇರಮ್ಮ. ಜನ ಏನಾರಾ ಅಂದ್ಬುಟ್ಟಾರು."

ಗಂಡ ಚಿರಂಜೀವಿ ಇದನ್ನು ಕೇಳಿಯೂ ಕೇಳದವನಂತೆ ಫೋನ್ ನೋಡುತ್ತಿದ್ದ. ಅವನ ಕಿವಿ ಕೆಂಪಾಗುತ್ತಿತ್ತು. ಮನೆಯಲ್ಲಿ ಯಾರಿಗೂ ಗೊತ್ತಿಲ್ಲದ ಒಂದು ವಿಷಯ ಅವನಿಗೆ ಗೊತ್ತಿತ್ತು.

ಹಿಂದಿನ ವರ್ಷ ಡಾಕ್ಟರು ಗಂಡ ಹೆಂಡತಿ ಇಬ್ಬರಿಗೂ ತಪಾಸಣೆ ಬರೆದುಕೊಟ್ಟಿದ್ದರು. ವೀರ್ಯ ಪರೀಕ್ಷೆಗೆಂದು ಚಿರಂಜೀವಿಯ ಕೈಗೆ ಒಂದು ಡಬ್ಬಿ ಕೊಟ್ಟು, ಮನೆಯಲ್ಲೇ ಸಂಗ್ರಹಿಸಿ ಒಂದು ಗಂಟೆಯೊಳಗೆ ತನ್ನಿ ಎಂದಿದ್ದರು. ಇವನೋ ಇಪ್ಪತ್ತು ಮನೆ ಬಾಡಿಗೆಗೆ ಬಿಟ್ಟಿರುವ ವೆಂಕಟೇಶಪ್ಪನ ಒಬ್ಬನೇ ಮಗ. ಬೀದಿಯ ಗಣೇಶೋತ್ಸವಕ್ಕೆ ಅಧ್ಯಕ್ಷ. ಬುಲೆಟ್ ಏರಿ ಬಂದರೆ ಬೀದಿನಾಯಿಗಳೂ ದಾರಿ ಬಿಡುತ್ತಿದ್ದವು. ಅಂಥವನು ಆ ಪುಟ್ಟ ಪ್ಲಾಸ್ಟಿಕ್ ಡಬ್ಬಿಗೆ ಹೆದರಿದ. ಕೊರತೆ ತನ್ನಲ್ಲೇ ಇದ್ದರೆ? ನಾಲ್ಕು ಜನರ ಮುಂದೆ ತಲೆ ಎತ್ತುವುದು ಹೇಗೆ?

ನೆಲಮಹಡಿಯ ಬಾಡಿಗೆ ಮನೆಯಲ್ಲಿ ಯಮನೂರ ಇದ್ದ. ಕೊಪ್ಪಳದ ಕಡೆಯವನು, ಪೀಣ್ಯದ ಕಾರ್ಖಾನೆಯಲ್ಲಿ ಕೆಲಸ, ಎರಡು ಮಕ್ಕಳ ತಂದೆ. ಚಿರಂಜೀವಿ ಅವನನ್ನು ಪಕ್ಕಕ್ಕೆ ಕರೆದ.

"ಬರೀ ಟೆಸ್ಟಿಗೆ ಗುರು. ಒಂದೇ ಒಂದ್ಸಲ. ಯಾರ್ಗೂ ಗೊತ್ತಾಗಲ್ಲ."

ಮಾಲೀಕರ ಮಗನಿಗೆ ಇಲ್ಲ ಎನ್ನುವುದು ಹೇಗೆ? ಯಮನೂರ ತಲೆ ತಗ್ಗಿಸಿ ಕೊಟ್ಟ. ಡಬ್ಬಿಯ ಮೇಲೆ ಚಿರಂಜೀವಿಯ ಹೆಸರು ಬಿತ್ತು. ವರದಿ ಚೆನ್ನಾಗಿಯೇ ಬಂತು. ವನಜಾಳ ತಪಾಸಣೆಯಲ್ಲೂ ದೊಡ್ಡ ತೊಂದರೆಯೇನೂ ಕಂಡಿರಲಿಲ್ಲ, ಆದರೂ ಚಿಕ್ಕಮುನಿಯಮ್ಮ ಬೀದಿಗೆಲ್ಲ ಸಾರಿದರು: "ನನ್ ಮಗಂಗೆ ಏನೂ ಇಲ್ವಂತೆ ಕಣಮ್ಮ. ಎಲ್ಲಾ ಅವಳ್ದೇಯಾ."

ಅಲ್ಲಿಂದ ಚಿಕಿತ್ಸೆಯೆಲ್ಲ ವನಜಾಳಿಗೇ. ಮಾತ್ರೆ, ಸ್ಕ್ಯಾನಿಂಗು, ಹೊಟ್ಟೆಗೆ ಇಂಜೆಕ್ಷನ್. ಮುಖ ಊದಿಕೊಂಡಿತು. ಒಂದು ದಿನ ಊಟಕ್ಕೆ ಬಡಿಸುತ್ತಾ, "ನನ್ನಿಂದ ನಿಮ್ಗೆಲ್ಲಾ ತೊಂದ್ರೆ ಅಲ್ವೇನ್ರೀ?" ಎಂದಳು. ಚಿರಂಜೀವಿ ಅರ್ಧ ಊಟಕ್ಕೇ ಕೈ ತೊಳೆದು ಎದ್ದ. ಆದರೂ ಬಾಯಿ ಬಿಡಲಿಲ್ಲ ಆ ಮಹಾರಾಯ.

ಈಗ ಡಾಕ್ಟರು ಮುಂದಿನ ಹೆಜ್ಜೆ ಹೇಳಿದರು. ಗಂಡನ ವೀರ್ಯವನ್ನು ಲ್ಯಾಬಿನಲ್ಲಿ ಸಿದ್ಧಪಡಿಸಿ ಹೆಂಡತಿಯ ಗರ್ಭಕೋಶಕ್ಕೆ ಸೇರಿಸುತ್ತಾರಂತೆ. ಶುಕ್ರವಾರ ಬರಬೇಕಂತೆ. ಮತ್ತೆ ಡಬ್ಬಿ! ಚಿರಂಜೀವಿ ಮತ್ತೆ ನೆಲಮಹಡಿಯ ಬಾಗಿಲು ತಟ್ಟಿದ.

ಈ ಸಲ ಯಮನೂರ ತಲೆ ತಗ್ಗಿಸಲಿಲ್ಲ.

"ಅವತ್ತ ಬರೇ ಪರೀಕ್ಷಾಕ್ಕಂತ ಕೊಟ್ಟೆ ಅಣ್ಣಾರ. ಅದೂ ತಪ್ಪ. ಈಗ ಇದರಿಂದ ಕೂಸು ಹುಟ್ಟತೈತ್ರಿ. ಅಕ್ಕಾರಿಗೆ ಗೊತ್ತಿಲ್ದಂಗ ಅವರ ಹೊಟ್ಟ್ಯಾಗ ನನ್ನ ಕೂಸೇನ್ರಿ? ಮನಿ ಖಾಲಿ ಮಾಡು ಅನ್ರಿ, ಮಾಡ್ತೀನಿ. ಇದನ್ನ ಮಾತ್ರ ಮಾಡಂಗಿಲ್ಲ."

ಚಿರಂಜೀವಿ ಮೆಟ್ಟಿಲ ಮೇಲೆ ಕೂತ. ಹೆಂಡತಿಗೆ ತಾನು ಮಾಡಲು ಹೊರಟಿದ್ದ ಕೆಲಸ ಬಾಡಿಗೆಯವನಿಗೆ ಕಂಡಿತ್ತು, ತನಗೆ ಕಂಡಿರಲಿಲ್ಲ. ಭೂಮಿ ಬಾಯಿ ಬಿಡಬಾರದೇ ಅನ್ನಿಸುವಷ್ಟು ನಾಚಿಕೆಯಾಯಿತು.

ಶುಕ್ರವಾರ ಅವನು ಆಸ್ಪತ್ರೆಗೆ ಬರಿಗೈಯಲ್ಲಿ ಹೋದ. ಜೊತೆಯಲ್ಲಿ ಹೆಂಡತಿ, ತಾಯಿ. ಚಿಕಿತ್ಸೆಗೆ ಮುಂಚೆ ದಂಪತಿಗಳೊಡನೆ ಮಾತಾಡುವ ಆಪ್ತ ಸಲಹೆಗಾರ್ತಿ ನಿವೇದಿತಾ ಎದುರಿಗಿದ್ದರು.

"ಆ ರಿಪೋರ್ಟ್ ನಂದಲ್ಲ ಮೇಡಂ. ನಮ್ ಬಾಡಿಗೆಯವ್ನ್ದು. ನಾನು ಟೆಸ್ಟೇ ಮಾಡಿಸ್ಕೊಂಡಿಲ್ಲ."

ವನಜಾ ತಿರುಗಿ ಅವನ ಮುಖ ನೋಡಿದಳು. "ಅಷ್ಟೊಂದು ಸೂಜಿ ಚುಚ್ಚುವಾಗ ಪಕ್ಕದಲ್ಲೇ ಕೂತಿದ್ರಲ್ರೀ," ಎಂದಳು. ಬೈದಿದ್ದರೆ ಅವನಿಗೆ ಎಷ್ಟೋ ವಾಸಿಯಿತ್ತು.

ಚಿಕ್ಕಮುನಿಯಮ್ಮ ಮಾತ್ರ ಒಪ್ಪಲಿಲ್ಲ. "ಅದೆಂಗಾಯ್ತದೆ ಮೇಡಂ? ಗಂಡಸ್ರಿಗೂ ಇಂಥ ದೋಸ ಇರ್ತದಾ?"

"ಇರುತ್ತೆ ಅಮ್ಮಾ. ಮಕ್ಕಳಾಗದೇ ಇರೋ ಜೋಡಿಗಳಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಗಂಡನ ಕಡೆಯಿಂದಲೂ ಕಾರಣ ಇರುತ್ತೆ. ಇದು ದೋಷ ಅಲ್ಲ, ಆರೋಗ್ಯದ ಸಮಸ್ಯೆ. ಗಂಡಸ್ತನಕ್ಕೂ ಇದಕ್ಕೂ ಸಂಬಂಧ ಇಲ್ಲ." ನಿವೇದಿತಾ ಚಿರಂಜೀವಿಯ ಕಡೆ ತಿರುಗಿದರು. "ದಾನಿಯ ವೀರ್ಯವೇ ಬೇಕು ಅಂತಾದ್ರೂ ಅದಕ್ಕೆ ಕಾನೂನಿದೆ ಸಾರ್. ನೋಂದಣಿ ಆಗಿರೋ ಬ್ಯಾಂಕಿಂದ ಬರ್ಬೇಕು. ದಾನಿಗೆ ರೋಗ ತಪಾಸಣೆ ಆಗಿರ್ಬೇಕು. ನೀವಿಬ್ರೂ ಬರೆದು ಒಪ್ಪಿಗೆ ಕೊಡ್ಬೇಕು. ಪರಿಚಯದವರ ಹತ್ರ ತರೋ ಹಾಗಿಲ್ಲ. ಹೆಂಡತಿಗೆ ಹೇಳ್ದೆ ಮಾಡಿದ್ರೆ ಅದು ಮೋಸ."

ಚಿರಂಜೀವಿ ತನ್ನದೇ ಪರೀಕ್ಷೆ ಮಾಡಿಸಿದ. ವೀರ್ಯಾಣು ಕಡಿಮೆ ಇದ್ದವು. ಅದಕ್ಕೆ ಚಿಕಿತ್ಸೆಯಿದೆ, ಆಮೇಲೂ ಆಗದಿದ್ದರೆ ಬೇರೆ ದಾರಿಗಳಿವೆ, ಆದರೆ ಆಗಿಯೇ ಆಗುತ್ತದೆಂದು ಯಾರೂ ಮಾತು ಕೊಡಲಾರರು ಎಂದು ಡಾಕ್ಟರು ಬಿಡಿಸಿ ಹೇಳಿದರು.

ಚಿಕ್ಕಮುನಿಯಮ್ಮ ಸೊಸೆಯ ಕೈ ಹಿಡಿದುಕೊಂಡು ಅತ್ತರು. "ಬೀದಿಗೆಲ್ಲಾ ನಿಂದೇ ತಪ್ಪು ಅಂದ್ಬುಟ್ನಲ್ಲಮ್ಮಾ. ಈಗ ಯಾವ್ ಮಕ ಇಟ್ಕಂಡು ಯೋಳ್ಲಿ?"

"ನಾನೇ ಹೇಳ್ತೀನಮ್ಮ, ಮನೆ ಮನೆಗೂ ಹೋಗಿ," ಎಂದ ಚಿರಂಜೀವಿ. ಹಾಗೆಯೇ ಹೋಗಿ ಹೇಳಿಯೂ ಹೇಳಿದ. ಒಂದೊಂದು ಹೊಸಿಲಲ್ಲೂ ನಾಲಿಗೆ ತಡವರಿಸಿತು.

ವನಜಾ ಹೇಳಿದ್ದು ಇಷ್ಟೇ: "ನಿಮ್ ಟ್ರೀಟ್‌ಮೆಂಟ್ ನೀವು ಮಾಡಿಸ್ಕೊಳಿ. ನನ್ ಮೈಗೆ ಮತ್ತೆ ಸೂಜಿ ಯಾವಾಗ ಅಂತ ನಾನ್ ಹೇಳ್ತೀನಿ."

ಇದನ್ನು ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಮದುವೆಯಾಗಿ ಒಂದು ವರ್ಷ ಜೊತೆಯಲ್ಲಿದ್ದು ಪ್ರಯತ್ನಿಸಿದರೂ ಮಗುವಾಗದಿದ್ದರೆ ಇಬ್ಬರೂ ಒಟ್ಟಿಗೆ ತಪಾಸಣೆಗೆ ಹೋಗಿ. ಹೆಂಡತಿಗೆ ಮೂವತ್ತೈದು ದಾಟಿದ್ದರೆ ಆರು ತಿಂಗಳಿಗೇ ಹೋಗಿ. ಕೇಂದ್ರಕ್ಕೆ ಸರ್ಕಾರದ ನೋಂದಣಿ ಇದೆಯೇ ಎಂದು ಕೇಳಿ. ಅರ್ಥವಾಗದ ಕಾಗದಕ್ಕೆ ಸಹಿ ಹಾಕಬೇಡಿ. ಅಣ್ಣಂದಿರಿಗೆ ಇನ್ನೊಂದು ಮಾತು. ಪರೀಕ್ಷೆಗೆ ನಾಚಿಕೆಯೇ? ಆಗಲಿ, ಅದು ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಚಿರಂಜೀವಿಯ ನಾಚಿಕೆ ಇನ್ನೂ ಮುಗಿದಿಲ್ಲ. ವನಜಾ ಇನ್ನೂ ದಿನ ಹೇಳಿಲ್ಲ, ಅವನು ಕಾಯುತ್ತಿದ್ದಾನೆ.